ಜಾರಿಬಿದ್ದುದು, ಜಾರಿಕೊಂಡುದು: ಮುಂಬಯಿಯ ‘ಸ್ಲಿಪೇಜ್’ ಮತ್ತು ಕನ್ನಡದ ಕ್ರಿಯಾಪದಗಳು

ಮುಂಬಯಿಯ ವ್ಯವಹಾರದ ಇಂಗ್ಲಿಷಿನಲ್ಲಿ ‘ಸ್ಲಿಪೇಜ್’ ಎಂಬ ಒಂದೇ ಪದ ಹಲವು ವೃತ್ತಿಗಳ ನಡುವೆ ಓಡಾಡುತ್ತಿದೆ. ಮರುಪಾವತಿ ನಿಂತು ಕೆಟ್ಟ ಸಾಲಗಳ ಪಟ್ಟಿಗೆ ಸೇರಿದ ಖಾತೆಗೆ ಬ್ಯಾಂಕಿನವರು ಈ ಪದವನ್ನು ಬಳಸುತ್ತಾರೆ. ಕೊಳ್ಳಲೆಣಿಸಿದ ಬೆಲೆಗೂ ಕೊಂಡ ಬೆಲೆಗೂ ಬಿದ್ದ ಅಂತರಕ್ಕೆ ಷೇರುಪೇಟೆಯವರು ಬಳಸುತ್ತಾರೆ. ಸೇತುವೆಯನ್ನೋ ಮೆಟ್ರೋ ಮಾರ್ಗವನ್ನೋ ಕಟ್ಟುವವರಿಗೆ ಅದು ಮುಂದೆ ಮುಂದೆ ಹೋಗುವ ದಿನಾಂಕ. ಯಂತ್ರ ನಡೆಸುವವರಿಗೆ ಪಟ್ಟಿ ಮತ್ತು ಗಾಲಿಗಳ ಹಿಡಿತ ತಪ್ಪುವುದು. ರೈಲುಮಾರ್ಗದ ಎಂಜಿನಿಯರುಗಳ ವರದಿಗಳಲ್ಲಿ ಮಳೆಗಾಲದ ಗುಡ್ಡದ ಮಣ್ಣು. ಸಾಹಿತ್ಯ ವಿಮರ್ಶಕರು ಶಬ್ದದ ಅಡಿಯಿಂದ ಅರ್ಥ ಸರಿದುಹೋಗುವುದನ್ನೂ ಇದೇ ಹೆಸರಿನಿಂದ ಕರೆದಿದ್ದಾರೆ. ಈ ಎಲ್ಲ ವೃತ್ತಿಗಳಲ್ಲಿಯೂ ಮುಂಬಯಿಯ ಕನ್ನಡಿಗರಿದ್ದಾರೆ. ಆದುದರಿಂದ ಈ ಪದವನ್ನು ಕನ್ನಡಕ್ಕೆ ತರುವ ಪ್ರಶ್ನೆಗೆ ಆ ನಗರಕ್ಕಿಂತ ಉತ್ತಮವಾದ ಪರೀಕ್ಷಾಸ್ಥಳವಿಲ್ಲವೆಂದು ನಾವು ಭಾವಿಸುತ್ತೇವೆ.

ಅನುವಾದಗಳಲ್ಲಿ ಸಾಮಾನ್ಯವಾಗಿ ‘ಜಾರುವಿಕೆ’ ಎಂಬ ಒಂದೇ ರೂಪವನ್ನು ಎಲ್ಲ ಕಡೆಗೂ ಹೊಂದಿಸುವ ಪ್ರವೃತ್ತಿ ಕಾಣುತ್ತದೆ. ಇದು ಬರಿಯ ಶೈಲಿಯ ದೋಷವಲ್ಲ. ಕನ್ನಡದ ಕ್ರಿಯಾಪದಗಳು, ಅದರಲ್ಲಿಯೂ ಅವುಗಳಿಗೆ ಹತ್ತುವ ಸಹಾಯಕ ಧಾತುಗಳು, ಜಾರಿದ್ದು ಯಾವುದು, ಯಾರಿಂದ, ಯಾರಿಗಾಗಿ ಎಂಬುದನ್ನು ಹೇಳದೆ ಬಿಡುವುದು ಕಡಮೆ. ಇಂಗ್ಲಿಷಿನ ಭಾವನಾಮ ಮುಚ್ಚುವ ಸಂಗತಿಯೂ ಇದೇ. ಒಂದು ಪದಕ್ಕೆ ಒಂದೇ ಸಮಾನಪದವೆಂಬ ನಿಯಮವನ್ನು ಇಲ್ಲಿ ಹಿಡಿದರೆ ಹೊಣೆಯ ಪ್ರಶ್ನೆಯೇ ಕನ್ನಡ ವಾಕ್ಯದಿಂದ ಕಾಣೆಯಾಗುತ್ತದೆ. ಈ ಲೇಖನದಲ್ಲಿ ನಾವು ತೋರಿಸಲೆಳಸುವುದು ಇಷ್ಟನ್ನೇ.

ಮೊದಲು ಧಾತುವಿನ ವಿಚಾರ. ‘ಜಾರು’ ಎಂಬುದು ಹಳಗನ್ನಡದಲ್ಲಿ ಶಕಟರೇಫದಿಂದ ‘ಜಾಱು’ ಎಂದಿದ್ದ ದೇಶ್ಯ ಧಾತು. ತೆಲುಗಿನಲ್ಲಿಯೂ ಅದೇ ರೂಪ, ಅದೇ ಅರ್ಥ. ಕಾಲು ಜಾರುತ್ತದೆ, ಸೆರಗು ಜಾರುತ್ತದೆ, ನಾಲಗೆ ಜಾರುತ್ತದೆ, ಹೊತ್ತು ಜಾರುತ್ತದೆ. ಇವೆಲ್ಲದರಲ್ಲಿಯೂ ಹಿಡಿತವಿದ್ದ ಒಂದು ವಸ್ತು ನುಣುಪಾದ ಒಂದು ತಲದ ಮೇಲೆ ತನ್ನ ಸ್ಥಾನವನ್ನು ಬಿಡುತ್ತದೆ. ಇದರ ನೆರೆಯ ಧಾತುಗಳು ಬೇರೆ. ‘ಸರಿ’ ಎಂದರೆ ಎಡೆ ಬದಲಿಸುವುದು. ಬೀಳುವ ಸೂಚನೆ ಅದರಲ್ಲಿಲ್ಲ. ‘ಕುಸಿ’ ಎಂದರೆ ಆಧಾರ ಸೋತು ಕೆಳಗಿಳಿಯುವುದು. ‘ಜರಿ’ ಎಂದರೆ ಒಡಲೇ ಸಡಿಲಿ ಕಳಚಿಬರುವುದು. ಕರಾವಳಿಯಲ್ಲಿ ಗುಡ್ಡ ಜರಿಯುತ್ತದೆ, ಮಣ್ಣು ಜರಿಯುತ್ತದೆ. ‘ತಪ್ಪು’ ಎಂದರೆ ಗುರಿಯನ್ನೋ ಹದವನ್ನೋ ಸೇರದೆ ಹೋಗುವುದು. ‘ನುಣುಚು’ ಎಂದರೆ ಹಿಡಿದವನ ಕೈಯಿಂದ ಬೇಕೆಂದೇ ಪಾರಾಗುವುದು.

ಕರ್ನಾಟಕದ ಹೊರಗಿರುವ ಸಂಶೋಧಕರಿಗೆ ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ‘ಕಾಯಿದೆ ಜಾರಿಯಾಯಿತು’ ಎಂಬಲ್ಲಿನ ‘ಜಾರಿ’ ಈ ಧಾತುವಿನದಲ್ಲ. ಅದು ಅರಬ್ಬಿಯಿಂದ ಪಾರಸಿಯ ಮೂಲಕ ಬಂದ ಪದ. ಹರಿಯುತ್ತಿರುವ, ನಡೆಯುತ್ತಿರುವ ಎಂಬುದು ಅದರ ಅರ್ಥ. ಹೀಗಾಗಿ ಕಾಯಿದೆ ಜಾರಿಗೆ ಬಂದಿತೆಂದರೆ ಅದು ನೆಲೆಗೊಂಡಿತು, ಜಾರಿಹೋಯಿತೆಂದರೆ ಕೈಬಿಟ್ಟಿತು. ಅಕ್ಷರಗಳೆರಡೂ ಒಂದೇ, ಅರ್ಥ ಎದುರುಬದುರು. ಹಣದ ಅಕ್ರಮಗಳನ್ನು ವಿಚಾರಿಸುವ ಕೇಂದ್ರ ಸರ್ಕಾರದ ಸಂಸ್ಥೆಗೆ ಕನ್ನಡ ಪತ್ರಿಕೆಗಳಲ್ಲಿ ‘ಜಾರಿ ನಿರ್ದೇಶನಾಲಯ’ವೆಂದೇ ಹೆಸರು. ಜಾರಿಕೊಂಡವರನ್ನು ಜಾರಿಯವರು ಹುಡುಕುತ್ತಾರೆಂಬ ವಾಕ್ಯ ಕನ್ನಡದಲ್ಲಿ ಶ್ಲೇಷೆಯಾಗಿಯೂ ಸಲ್ಲುತ್ತದೆ, ವರದಿಯಾಗಿಯೂ ಸಲ್ಲುತ್ತದೆ.

ಸಹಾಯಕ ಧಾತುಗಳಿಗೆ ಬರುವುದಾದರೆ, ವಿಷಯದ ತಿರುಳು ಇಲ್ಲಿಯೇ ಇದೆ. ‘ಜಾರಿಬೀಳು’ ಎಂದರೆ ಆಕಸ್ಮಿಕ, ಬಿದ್ದವನಿಗೆ ಇಚ್ಛೆಯಿಲ್ಲ. ‘ಜಾರಿಹೋಗು’ ಎಂದರೆ ನಷ್ಟವಾದವನ ಕಡೆಯಿಂದ ನೋಡಿದ ಮಾತು; ಅವಕಾಶ ಕೈಯಿಂದ ಜಾರಿಹೋಯಿತೆನ್ನುವಾಗ ಹೇಳುವವನು ಕಳೆದುಕೊಂಡವನು. ‘ಜಾರಿಕೊಳ್ಳು’ ಎಂದೊಡನೆ ಚಿತ್ರ ತಿರುಗಿಬೀಳುತ್ತದೆ: ಈಗ ಜಾರಿದವನಿಗೆ ಅದರಿಂದ ಲಾಭವಿದೆ, ಇಚ್ಛೆಯೂ ಇದೆ. ‘ಕೊಳ್’ ಧಾತು ಕ್ರಿಯೆಯ ಫಲವನ್ನು ಕರ್ತೃವಿಗೇ ಸಲ್ಲಿಸುತ್ತದೆ. ‘ಜಾರಿಸು’ ಎಂಬ ಪ್ರೇರಣಾರ್ಥಕ ರೂಪದಲ್ಲಿ ಇನ್ನೊಬ್ಬನ ಕೈ ಗೋಚರವಾಗುತ್ತದೆ. ಹೀಗೆ ಒಂದೇ ಧಾತುವಿನಲ್ಲಿ ದುರ್ದೈವ, ನಷ್ಟ, ತಪ್ಪಿಸಿಕೊಳ್ಳುವಿಕೆ ಮತ್ತು ಕೈವಾಡ ಎಂಬ ನಾಲ್ಕು ತೀರ್ಪುಗಳು ಪ್ರತ್ಯಯ ಮಾತ್ರದಿಂದ ಬೇರೆಯಾಗುತ್ತವೆ. ಕನ್ನಡ ಸದಾ ಸತ್ಯವನ್ನೇ ನುಡಿಯುತ್ತದೆಯೆಂದು ಇದರ ಅರ್ಥವಲ್ಲ. ‘ನಾಲಗೆ ಜಾರಿತು’ ಎಂಬಲ್ಲಿ ಆಡಿದವನು ಹಿಂದೆ ಸರಿದು ತನ್ನ ಅಂಗವನ್ನೇ ಕರ್ತೃವಾಗಿ ನಿಲ್ಲಿಸಿರುತ್ತಾನೆ. ನುಣುಚಿಕೊಳ್ಳುವ ಉಪಾಯ ನಮ್ಮ ವ್ಯಾಕರಣದಲ್ಲಿಯೂ ಉಂಟು.

ಈಗ ಮುಂಬಯಿಯ ಬ್ಯಾಂಕಿಗೆ ಬರೋಣ. ಭಾರತೀಯ ರಿಸರ್ವ್ ಬ್ಯಾಂಕಿನ ಕೇಂದ್ರ ಕಚೇರಿ ಆ ನಗರದ ಕೋಟೆ ಪ್ರದೇಶದಲ್ಲಿದೆ. ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳ ಮೂಲಕ, ಅಂದರೆ 1906ರ ಕೆನರಾ ಮತ್ತು ಕಾರ್ಪೊರೇಷನ್, 1925ರ ಸಿಂಡಿಕೇಟ್, 1931ರ ವಿಜಯಾ ಬ್ಯಾಂಕುಗಳ ಮೂಲಕ, ಆ ಲೋಕಕ್ಕೂ ಕನ್ನಡ ಜನಕ್ಕೂ ಹಳೆಯ ನಂಟಿದೆ. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿಯೂ, ಸಿಂಡಿಕೇಟ್ 2020ರಲ್ಲಿ ಕೆನರಾದಲ್ಲಿಯೂ, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದುವು. ಬ್ಯಾಂಕಿನ ಪರಿಭಾಷೆಯಲ್ಲಿ ಸ್ಲಿಪೇಜ್ ಎಂದರೆ ಒಂದು ಅವಧಿಯಲ್ಲಿ ಹೊಸದಾಗಿ ಅನುತ್ಪಾದಕವೆಂದು ಎಣಿಸಲ್ಪಟ್ಟ ಸಾಲಗಳು. ಅವಧಿಯ ಆರಂಭದಲ್ಲಿ ಸರಿಯಾಗಿದ್ದ ಒಟ್ಟು ಸಾಲಗಳೊಡನೆ ಇವನ್ನು ಹೋಲಿಸಿದಾಗ ಸ್ಲಿಪೇಜ್ ಅನುಪಾತ ಸಿಗುತ್ತದೆ. ಅಸಲಾಗಲಿ ಬಡ್ಡಿಯಾಗಲಿ 90 ದಿನಗಳನ್ನು ಮೀರಿ ಬಾಕಿಯಾದರೆ ಅವಧಿ ಸಾಲವು ಆ ಪಟ್ಟಿಗೆ ಸೇರಬೇಕೆಂಬುದು 2004ರ ಮಾರ್ಚಿನಿಂದ ಜಾರಿಯಲ್ಲಿರುವ (ಇದು ಪಾರಸಿಯ ಜಾರಿ) ನಿಯಮ.

ಇಲ್ಲಿ ಜಾರಿದ್ದು ಯಾವುದು? ಖಾತೆಯು ಒಂದು ವರ್ಗದಿಂದ ಇನ್ನೊಂದು ವರ್ಗಕ್ಕೆ ಇಳಿದಿದೆ, ಅಷ್ಟೇ. ಅದರ ಹಿಂದೆ ಮಳೆಯಿಲ್ಲದೆ ಬೆಳೆ ಹೋದ ರೈತನಿರಬಹುದು, ಪೇಟೆ ಬಿದ್ದು ಸೋತ ಉದ್ಯಮಿಯಿರಬಹುದು; ಇವರ ಸಾಲ ಜಾರಿಬಿತ್ತು. ತೀರಿಸುವ ಶಕ್ತಿಯಿದ್ದೂ ತೀರಿಸದವನು ಜಾರಿಕೊಂಡ. ಇಂಥವನನ್ನು ಬೇರೆಯಾಗಿ ಗುರುತಿಸುವ ಏರ್ಪಾಡನ್ನು ರಿಸರ್ವ್ ಬ್ಯಾಂಕು 1999ರಲ್ಲಿಯೇ ಆರಂಭಿಸಿ, 2024ರ ಜುಲೈಯಲ್ಲಿ ಅದರ ನಿರ್ದೇಶನಗಳನ್ನು ಹೊಸದಾಗಿ ಹೊರಡಿಸಿತು. ಕನ್ನಡದಲ್ಲಿ ಇವನು ‘ಉದ್ದೇಶಪೂರ್ವಕ ಸುಸ್ತಿದಾರ’. ಮೂರನೆಯ ಬಗೆಯೂ ಒಂದಿದೆ. ಕೆಟ್ಟ ಸಾಲವನ್ನು ತೀರಿಸಲು ಹೊಸ ಸಾಲವನ್ನು ಕೊಟ್ಟು, ಕಾಗದದಲ್ಲಿ ಎಲ್ಲವೂ ಹಸಿರಾಗಿ ಕಾಣುವಂತೆ ಮಾಡುವುದು. ಆಗ ಜಾರಿದ್ದನ್ನು ಜಾರದಂತೆ ತೋರಿಸುವವರು ಸಾಲ ಕೊಟ್ಟವರೇ ಆಗಿರುತ್ತಾರೆ. 2015ರಲ್ಲಿ ರಿಸರ್ವ್ ಬ್ಯಾಂಕು ಆಸ್ತಿಗುಣದ ಪರಿಶೀಲನೆಯನ್ನು ಕೈಗೊಂಡ ಬಳಿಕ ಹೀಗೆ ಮರೆಯಲ್ಲಿದ್ದ ಸಾಲಗಳು ಬೆಳಕಿಗೆ ಬಂದುವು. ವಾಣಿಜ್ಯ ಬ್ಯಾಂಕುಗಳ ಒಟ್ಟು ಅನುತ್ಪಾದಕ ಸಾಲದ ಪ್ರಮಾಣ 2018ರ ಮಾರ್ಚಿನ ವೇಳೆಗೆ ಶೇ. 11ನ್ನು ದಾಟಿ, 2024ರ ಮಾರ್ಚಿಗೆ ಶೇ. 3ಕ್ಕಿಂತ ಕೆಳಗೆ ಬಂದಿತು. 2015ರ ಅನಂತರದ ವರ್ಷಗಳಲ್ಲಿ ಸ್ಲಿಪೇಜ್ ಹೆಚ್ಚಿತೆಂದು ಬರೆದರೆ ಓದುಗನಿಗೆ ಆ ವರ್ಷಗಳಲ್ಲಿಯೇ ಸಾಲಗಳು ಕೆಟ್ಟವೆಂಬ ಭಾವನೆ ಬರುತ್ತದೆ. ನಿಜವಾಗಿ ಅವುಗಳಲ್ಲಿ ಎಷ್ಟೋ ಸಾಲಗಳು ಮೊದಲೇ ಕೆಟ್ಟಿದ್ದು ಆಗ ಪಟ್ಟಿಗೆ ಬಂದಂಥವು. ‘ಜಾರುವಿಕೆ ಹೆಚ್ಚಿತು’ ಎಂಬ ಅನುವಾದ ಈ ಭ್ರಮೆಯನ್ನು ಹಾಗೆಯೇ ಉಳಿಸುತ್ತದೆ. ‘ಕೆಟ್ಟ ಸಾಲವೆಂದು ಹೊಸದಾಗಿ ಗುರುತಿಸಿದ ಮೊತ್ತ ಹೆಚ್ಚಿತು’ ಎಂಬುದು ಉದ್ದವಾದರೂ ಪ್ರಾಮಾಣಿಕವಾದ ವಾಕ್ಯ.

ಸುಸ್ತಿದಾರ ಪದವೂ ಗಮನಾರ್ಹ. ಪಾರಸಿಯ ‘ಸುಸ್ತ್’ ಎಂದರೆ ಸಡಿಲ, ನಿಧಾನ. ಕನ್ನಡದಲ್ಲಿ ಒಂದು ಕವಲು ‘ಸುಸ್ತಾಯಿತು’ ಎಂದು ದೇಹದ ಬಳಲಿಕೆಯ ಕಡೆಗೆ ಸಾಗಿದರೆ, ಇನ್ನೊಂದು ಸಹಕಾರ ಸಂಘಗಳ ನೋಟೀಸುಗಳ ಕಡೆಗೆ ಸಾಗಿತು. ಇಂಥ ಅರ್ಥದ ಸರಿತವನ್ನೇ ವಿಮರ್ಶಕರು ಸ್ಲಿಪೇಜ್ ಎನ್ನುವುದರಿಂದ ಆ ಬಗ್ಗೆ ಮುಂದೆ ಹೇಳುತ್ತೇವೆ.

ಷೇರುಪೇಟೆಯ ಸಂಗತಿ ಸರಳವಾದುದು. 1875ರಲ್ಲಿ ಸ್ಥಾಪಿತವಾದ ಮುಂಬಯಿ ಷೇರು ವಿನಿಮಯ ಕೇಂದ್ರದಲ್ಲಿ ದಲ್ಲಾಳಿಗಳು ಕೂಗಿ ವ್ಯಾಪಾರ ಮಾಡುತ್ತಿದ್ದ ಪದ್ಧತಿಯ ಬದಲಾಗಿ 1995ರಲ್ಲಿ ಗಣಕದ ಪರದೆ ಬಂದಿತು. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಅದಕ್ಕೆ ಮುನ್ನ 1994ರಲ್ಲಿಯೇ ಪರದೆಯ ಮೇಲೆ ಷೇರು ವ್ಯಾಪಾರವನ್ನು ಆರಂಭಿಸಿತ್ತು. ಪರದೆಯಲ್ಲಿ ನೂರು ರೂಪಾಯಿ ಕಂಡು ಕೊಳ್ಳಲು ಹೇಳಿದಾಗ ಆ ಬೆಲೆಗೆ ಮಾರುವವರು ಕೆಲವೇ ಷೇರುಗಳನ್ನಿಟ್ಟಿರುತ್ತಾರೆ. ಉಳಿದುವು ನೂರೊಂದಕ್ಕೂ ನೂರೆರಡಕ್ಕೂ ಸಿಗುತ್ತವೆ. ಈ ಅಂತರವೇ ಸ್ಲಿಪೇಜ್. ಇದಕ್ಕೆ ‘ಬೆಲೆ ವ್ಯತ್ಯಾಸ’ ಸಾಲದು, ‘ಜಾರುವಿಕೆ’ಯೂ ಒಪ್ಪದು, ಬೆಲೆ ಏರಿದಾಗಲೂ ಈ ನಷ್ಟವುಂಟಾಗುತ್ತದೆ, ಆದರೆ ಕನ್ನಡದಲ್ಲಿ ಯಾವುದೂ ಮೇಲಕ್ಕೆ ಜಾರುವುದಿಲ್ಲ. ‘ಎಣಿಸಿದ ಬೆಲೆ ತಪ್ಪಿತು’ ಎಂಬುದು ಸಹಜ ನುಡಿಗಟ್ಟು. 2012ರ ಅಕ್ಟೋಬರ್ 5ರಂದು ದಲ್ಲಾಳಿ ಸಂಸ್ಥೆಯೊಂದರ ತಪ್ಪು ಆದೇಶಗಳಿಂದ ನಿಫ್ಟಿ ಸೂಚ್ಯಂಕ ಕ್ಷಣಮಾತ್ರದಲ್ಲಿ ಶೇ. 15ಕ್ಕೂ ಹೆಚ್ಚು ಇಳಿದು ವ್ಯವಹಾರ ನಿಂತಿತು. ಕೊಳ್ಳುವವರಿಲ್ಲದ ಎಡೆಯಲ್ಲಿ ದೊಡ್ಡ ಆದೇಶ ಬಿದ್ದರೆ ಬೆಲೆ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಅದು ದೃಷ್ಟಾಂತ.

ಕಟ್ಟಡ ಕಾಮಗಾರಿಗಳಲ್ಲಿ ಜಾರುವುದು ಕಾಲ. ಬಾಂದ್ರಾ–ವರ್ಲಿ ಸಮುದ್ರಸೇತುವೆಗೆ 1999ರಲ್ಲಿ ಶಂಕುಸ್ಥಾಪನೆಯಾಗಿ, ಸುಮಾರು ಐದು ವರ್ಷಗಳಲ್ಲಿ ಮುಗಿಯಬೇಕಿದ್ದ ಕೆಲಸ 2009ರ ಜೂನ್ 30ರಂದು ಉದ್ಘಾಟನೆಯನ್ನು ಕಂಡಿತು; ಎಂಟೂ ಪಥಗಳು ತೆರೆದುದು 2010ರಲ್ಲಿ. ಕನ್ನಡದಲ್ಲಿ ಇದಕ್ಕೆ ‘ಗಡುವು ಮೀರಿತು’ ಅಥವಾ ‘ಗಡುವು ತಪ್ಪಿತು’ ಎನ್ನುತ್ತೇವೆ. ಈ ನುಡಿಗಟ್ಟಿನಲ್ಲಿ ಗಡುವು ಗಡಿಕಲ್ಲಿನಂತೆ ನೆಟ್ಟಿರುತ್ತದೆ. ಅದನ್ನು ದಾಟಿದ್ದು ಕೆಲಸ, ಕೆಲಸ ಮಾಡಿಸುವವರು. ಸ್ಲಿಪೇಜ್ ಎಂಬುದರಲ್ಲಿ ದಿನಾಂಕವೇ ಎದ್ದು ನಡೆದುಹೋದಂತಾಗುತ್ತದೆ. ಭೂಮಿ ಸಿಗದುದು, ನ್ಯಾಯಾಲಯದ ವ್ಯಾಜ್ಯ, ನಕ್ಷೆಯ ಬದಲಾವಣೆ, ಹಣದ ಕೊರತೆ – ಇವು ಬೇರೆ ಬೇರೆ ಕಾರಣಗಳು, ಬೇರೆ ಬೇರೆ ಜನರ ಹೊಣೆ. ಅನುವಾದಕನಿಗೆ ಇಲ್ಲಿ ಹೊಸ ಪದವನ್ನು ಟಂಕಿಸುವ ಅವಶ್ಯಕತೆಯೇ ಇಲ್ಲ.

ಯಂತ್ರಗಳ ಲೋಕ ಇದಕ್ಕೆ ಭಿನ್ನ. 1854ರಲ್ಲಿ ಮೊದಲ ಹತ್ತಿಗಿರಣಿ ಸ್ಥಾಪಿತವಾದ ಬಳಿಕ ಬೆಳೆದ ಗಿರಣಗಾಂವಿನಲ್ಲಿ, ಒಂದೇ ಉದ್ದನೆಯ ದಂಡದಿಂದ ಚರ್ಮದ ಪಟ್ಟಿಗಳು ಹಲವು ಮಗ್ಗಗಳಿಗೆ ಶಕ್ತಿಯನ್ನು ಒಯ್ಯುತ್ತಿದ್ದ ಕಾಲದಲ್ಲಿ, ಪಟ್ಟಿ ಜಾರಿತೆಂದರೆ ಉತ್ಪಾದನೆಗೆ ನಷ್ಟ. ಆದರೆ ಇಂದಿನ ಉಪನಗರ ರೈಲುಗಳ ಇಂಡಕ್ಷನ್ ಮೋಟಾರಿನಲ್ಲಿ ಜಾರು ದೋಷವೇ ಅಲ್ಲ. ಅಂಥ ನಾಲ್ಕು ಧ್ರುವಗಳ ಮೋಟಾರಿಗೆ 50 ಆವರ್ತನದ ವಿದ್ಯುತ್ತನ್ನು ಕೊಟ್ಟರೆ ಅದರ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ; ಒಳಗಿನ ತಿರುಗುಭಾಗ ಅದಕ್ಕಿಂತ ಹಿಂದೆ ಬಿದ್ದು, ಉದಾಹರಣೆಗೆ, 1440 ಸುತ್ತು ತಿರುಗಿದರೆ ಜಾರಿನ ಪ್ರಮಾಣ ಶೇ. 4. ಎರಡೂ ಸಮವಾದರೆ ತಿರುಗುಭಾಗದಲ್ಲಿ ವಿದ್ಯುತ್ ಪ್ರೇರಣೆಯೇ ಆಗದು, ಗಾಡಿಯನ್ನು ಎಳೆಯುವ ಬಲವೂ ಹುಟ್ಟದು. ಹಳಿಯ ಮೇಲೆ ಗಾಲಿ ಜಾರುವುದು ಮಾತ್ರ ಅಪಾಯ. ಒಂದೇ ಗಾಡಿಯಲ್ಲಿ ಬೇಕಾದ ಜಾರು, ಬೇಡದ ಜಾರು ಎರಡೂ ಇವೆ.

ಯಂತ್ರವನ್ನು ಬಿಟ್ಟು ನೆಲಕ್ಕೆ ಬಂದರೆ ಪದದ ಪ್ರಶ್ನೆ ಪ್ರಾಣದ ಪ್ರಶ್ನೆಯಾಗುತ್ತದೆ. 2000ದ ಜುಲೈ 12ರಂದು ಘಾಟ್‌ಕೋಪರಿನ ಆಜಾದ್ ನಗರದಲ್ಲಿ ಗುಡ್ಡದ ಪಾರ್ಶ್ವ ಗುಡಿಸಲುಗಳ ಮೇಲೆ ಬಂದು ಅರುವತ್ತಕ್ಕೂ ಹೆಚ್ಚು ಜನ ಸತ್ತರು. 2021ರ ಜುಲೈ 18ರಂದು ಚೆಂಬೂರು, ವಿಕ್ರೋಲಿಗಳಲ್ಲಿ ಮತ್ತೆ ಸಾವುಗಳಾದುವು. ಕೊಂಕಣ ರೈಲುಮಾರ್ಗ 1998ರಲ್ಲಿ ಪೂರ್ತಿಯಾಗಿ ತೆರೆದು ಮುಂಬಯಿಯನ್ನು ಮಂಗಳೂರಿಗೆ ಹತ್ತಿರ ತಂದಿತು. ಬಸ್ಸಿನಲ್ಲಿ ಘಟ್ಟ ಸುತ್ತುತ್ತಿದ್ದ ಕರಾವಳಿಯ ಕುಟುಂಬಗಳಿಗೆ ಅದೇ ಊರಿನ ದಾರಿಯಾಯಿತು. 2003ರ ಜೂನ್ 22ರಂದು ಕಾರವಾರದಿಂದ ಮುಂಬಯಿಗೆ ಹೊರಟ ವಿಶೇಷ ಗಾಡಿ ವೈಭವವಾಡಿಯ ಬಳಿ ಕುಸಿದ ಗುಡ್ಡಕ್ಕೆ ಸಿಕ್ಕಿ ಐವತ್ತಕ್ಕೂ ಹೆಚ್ಚು ಪ್ರಯಾಣಿಕರು ಮೃತರಾದರು. ಮರುವರ್ಷ ಜೂನ್ 16ರಂದು ಮತ್ಸ್ಯಗಂಧ ಎಕ್ಸ್‌ಪ್ರೆಸ್ ರಾಯಗಡ ಜಿಲ್ಲೆಯಲ್ಲಿ ಬಂಡೆಗಳಿಗೆ ಸಿಕ್ಕಿ ಹಳಿ ತಪ್ಪಿತು. ಆ ಮಾರ್ಗದಲ್ಲಿ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿಯೂ ಕಡಮೆ ವೇಗವೂ ಇರುವುದು ಈ ಭಯದಿಂದಲೇ.

ರೈಲ್ವೆಯ ಇಂಗ್ಲಿಷ್ ವರದಿಯಲ್ಲಿ ಇದು ನೆಲದ ‘ಸ್ಲಿಪ್’. ಹಿಂದಿಯಲ್ಲಿ ಭೂಸ್ಖಲನ, ಮರಾಠಿಯಲ್ಲಿ ದರಡ ಕೋಸಳಣೆ, ಕನ್ನಡ ಪತ್ರಿಕೆಗಳಲ್ಲಿ ಭೂಕುಸಿತ ಅಥವಾ ಗುಡ್ಡ ಜರಿತ. ಕೊಡಗು ಮತ್ತು ಮಲೆನಾಡಿನ ಸುದ್ದಿಗಳಲ್ಲಿ ‘ಬರೆ ಕುಸಿತ’ ಎಂಬ ಇನ್ನೊಂದು ಪ್ರಯೋಗವಿದೆ. ಬರೆ ಎಂದರೆ ಗುಡ್ಡದ ಕಡಿದಾದ ಬದಿ. ಮನೆಗೋ ರಸ್ತೆಗೋ ಗುಡ್ಡವನ್ನು ಅಗೆದಾಗ ಹಿಂದೆ ನಿಲ್ಲುವ ಮಣ್ಣಿನ ಗೋಡೆಗೆ ಈ ಮಾತು ಹೆಚ್ಚಾಗಿ ಸಲ್ಲುತ್ತದೆ. ‘ಭೂಮಿ ಕುಸಿಯಿತು’ ಎಂಬಲ್ಲಿ ಪ್ರಕೃತಿಯೇ ಕರ್ತೃ. ‘ಬರೆ ಕುಸಿಯಿತು’ ಎಂಬಲ್ಲಿ ಅಗೆದವನ ನೆರಳು ವಾಕ್ಯದೊಳಗೆ ಉಳಿದಿರುತ್ತದೆ. ಮುಂಬಯಿಯ ಗುಡ್ಡಗಳ ಅಡಿಯಲ್ಲಿ ವಸತಿಯಿಲ್ಲದ ಜನ ಏಕೆ ಬಂದು ನೆಲೆಸಿದರು, ಬುಡವನ್ನು ಯಾರು ಅಗೆದರು, ತಡೆಗೋಡೆಯಲ್ಲಿ ನೀರು ಹೊರಹೋಗಲು ಕಿಂಡಿಗಳಿದ್ದುವೇ ಎಂಬ ಪ್ರಶ್ನೆಗಳನ್ನು ಕೇಳಬೇಕಾದ ಬರೆಹದಲ್ಲಿ ನಾವು ಈ ಪದವನ್ನೇ ಆಯುತ್ತೇವೆ.

ಹಿಂದಿಯ ‘ಸ್ಖಲನ’ವನ್ನು ಕನ್ನಡಕ್ಕೆ ತರುವುದು ಸರಿಯಲ್ಲ. ಸಂಸ್ಕೃತದಲ್ಲಿ ಅದರ ಅರ್ಥ ಎಡವುವುದು, ತೊದಲುವುದು. ಇಂದಿನ ಕನ್ನಡದಲ್ಲಿ ಅದು ಶರೀರಶಾಸ್ತ್ರದ ಒಂದು ಅರ್ಥಕ್ಕೆ ಮೀಸಲಾಗಿದೆ. ‘ಸ್ಖಾಲಿತ್ಯ’ ಮಾತ್ರ ಅಚ್ಚಿನ ತಪ್ಪುಗಳ ಹೆಸರಾಗಿ ಉಳಿದಿದೆ. ಕಾವ್ಯಪರಂಪರೆಯಲ್ಲಿ ‘ಗೋತ್ರಸ್ಖಲನ’ವೆಂಬ ಸ್ವಾರಸ್ಯವಾದ ಸನ್ನಿವೇಶವಿತ್ತು: ನಾಯಕನು ಎದುರಿಗಿರುವ ನಾಯಿಕೆಯನ್ನು ಇನ್ನೊಬ್ಬಳ ಹೆಸರಿನಿಂದ ಕರೆದುಬಿಡುತ್ತಾನೆ. ನಾಲಗೆ ಜಾರಿತೆಂಬ ಸಮಜಾಯಿಷಿ ಅಲ್ಲಿ ಎಂದೂ ನಡೆಯುವುದಿಲ್ಲ. ಮಾತಿನ ತಪ್ಪಿನಲ್ಲಿ ಮನಸ್ಸು ಹೊರಬೀಳುತ್ತದೆಂಬುದನ್ನು ನಮ್ಮ ಕವಿಗಳು ಆಧುನಿಕ ಮನಶ್ಶಾಸ್ತ್ರವನ್ನು ಕಾಯದೆಯೇ ಬಲ್ಲವರಾಗಿದ್ದರು.

ಅರ್ಥದ ಜಾರುವಿಕೆಯ ವಿಚಾರವಾಗಿ ಇತ್ತೀಚಿನ ವಿಮರ್ಶೆ ಹೇಳುವುದು ಸೂಚಕದ ಕೆಳಗೆ ಸೂಚಿತ ನಿಲ್ಲದೆ ಸರಿಯುತ್ತಿರುತ್ತದೆಂದು. ಹದಿಮೂರನೆಯ ಶತಮಾನದ ಕೇಶಿರಾಜನಿಗೆ ಸರಿತದ ಅರಿವಿತ್ತು, ಆದರೆ ದೃಷ್ಟಿ ಬೇರೆ. ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ಅವನು ಸಂಸ್ಕೃತ ಪದಗಳು ಕನ್ನಡದಲ್ಲಿ ಹೇಗೆ ಬದಲಾಗುತ್ತವೆಂಬುದಕ್ಕೆ ಸೂತ್ರಗಳನ್ನು ಕಟ್ಟುತ್ತಾನೆ. ಭ್ರಂಶವೆಂದರೆ ಜಾರಿ ಬೀಳುವುದೇ. ಆದರೂ ನಿಯಮವಿರುವುದರಿಂದ ಅದು ದೋಷವಲ್ಲ. ಒತ್ತಕ್ಷರವನ್ನು ತೇಲಿಸಿ ಉಚ್ಚರಿಸಿ ಹಿಂದಿನ ಅಕ್ಷರವನ್ನು ಲಘುವಾಗಿಯೇ ಉಳಿಸುವ ಶಿಥಿಲದ್ವಿತ್ವವೂ ಅಂಥ ಸಮ್ಮತವಾದ ಸಡಿಲಿಕೆ. ಬಳಕೆಯಿಂದ ಜಾರುತ್ತಿದ್ದ ೞಕಾರದ ಪದಗಳನ್ನಾದರೋ ಅವನು ಪಟ್ಟಿ ಮಾಡಿ ಹಿಡಿದಿಡುತ್ತಾನೆ. ಸರಿತವನ್ನು ಕಂಡೊಡನೆ ಅದರ ಕಾರಣವನ್ನು ಕೇಳುವುದು ಅವನ ಕ್ರಮ.

ಮುಂಬಯಿ ಕನ್ನಡದಲ್ಲಿ ಈ ಕ್ರಮ ಇಂದಿಗೂ ಉಪಯುಕ್ತ. ‘ಪಗಡಿ’ ಎಂದರೆ ಮುಂಡಾಸು. ಅಲ್ಲಿಯ ಕನ್ನಡಿಗ ಹೋಟೆಲುದಾರನಿಗೆ ಅದು ಬಾಡಿಗೆಯ ಹಕ್ಕಿಗಾಗಿ ಒಡೆಯನಿಗೆ ಒಮ್ಮೆಗೇ ತೆರುವ ಹಣ. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆಯನ್ನು ಕಟ್ಟಿಹಾಕಿತು, ಅಂಥ ಹಣವನ್ನು ಪಡೆಯುವುದನ್ನೂ ನಿಷೇಧಿಸಿತು. ಹಣ ಮಾತ್ರ ತಲೆಯುಡುಗೆಯ ಗೌರವದ ಹೆಸರಿನಲ್ಲಿ ಕೈಬದಲಾಯಿತು. 1999ರ ಮಹಾರಾಷ್ಟ್ರ ಕಾಯಿದೆ ಅದನ್ನು ಮಾನ್ಯ ಮಾಡಿತು. ಸೂಚಿತವು ತಾನಾಗಿ ಸರಿಯಿತೆಂದು ಇಲ್ಲಿ ಹೇಳಲಾಗದು. ಅದನ್ನು ಒಂದು ಕಾಯಿದೆಯೂ ಒಂದು ಪೇಟೆಯೂ ಸೇರಿ ಸರಿಸಿದುವು.

ನೆರೆಭಾಷೆಗಳಲ್ಲಿ ಈ ವಿವೇಚನೆ ಹೇಗಿದೆಯೆಂಬುದು ನಮ್ಮ ಓದುಗರಿಗೆ ಒಂದು ಕಾರ್ಯಕ್ಷೇತ್ರವಾಗಬಲ್ಲುದು. ತೆಲುಗಿನ ‘ಜಾರುಕೊನು’ ಕನ್ನಡದ ‘ಜಾರಿಕೊಳ್ಳು’ವಿಗೆ ಧಾತುವಿನಲ್ಲಿಯೂ ಸಹಾಯಕದಲ್ಲಿಯೂ ಸಂವಾದಿ. ಮರಾಠಿಯಲ್ಲಿ ಬೆಲೆ ಇಳಿದರೆ ‘ಘಸರಣ’, ಕೈಯಿಂದ ನುಣುಚಿದರೆ ‘ನಿಸಟಣೆ’. ಹೊಣೆಯಿಂದ ಜಾರಿಕೊಳ್ಳುವುದಕ್ಕೆ ಅಲ್ಲಿ ‘ಅಂಗ ಕಾಢೂನ ಘೇಣೆ’ ಎನ್ನುತ್ತಾರೆ. ಮೈಯನ್ನು ಹೊರತೆಗೆದುಕೊಳ್ಳುವುದು ಎಂದು ಅದರ ಅಕ್ಷರಾರ್ಥ. ಇಲ್ಲಿಯ ‘ಘೇಣೆ’ ನಮ್ಮ ‘ಕೊಳ್ಳು’ವಿನ ಕೆಲಸವನ್ನೇ ಮಾಡುತ್ತದೆ. ಎರಡು ಭಾಷಾಕುಲಗಳ ನಡುವಣ ಈ ಹೋಲಿಕೆಯನ್ನು ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮುಂತಾದ ಗಡಿಪ್ರದೇಶಗಳ ದ್ವಿಭಾಷಿಕರ ಮಾತಿನಿಂದ ಉದಾಹರಣೆಗಳನ್ನು ಸಂಗ್ರಹಿಸಿ ಪರೀಕ್ಷಿಸಬೇಕಾಗಿದೆ. ಸಂಗ್ರಹಿಸುವವರು ಧಾತುವನ್ನು ಮಾತ್ರವಲ್ಲದೆ ಅದಕ್ಕೆ ಹತ್ತಿದ ಸಹಾಯಕವನ್ನೂ, ವಾಕ್ಯದಲ್ಲಿ ಕರ್ತೃವಿನ ಸ್ಥಾನದಲ್ಲಿ ಯಾರಿದ್ದಾರೆಂಬುದನ್ನೂ ಪ್ರತಿಯೊಂದು ನಮೂದಿನಲ್ಲಿ ಗುರುತಿಸಿಕೊಳ್ಳತಕ್ಕದ್ದು.